ತುಟಿಯ ಲೇಪ, ಮನೆಯ ಕಸ

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಒಣಗಾಳಿ ಬೀಸತೊಡಗಿದೊಡನೆ ಬಯಲುಸೀಮೆಯ ಜನರಿಗೆ ಅದರ ಸುಳಿವನ್ನು ಮೊದಲು ಕೊಡುವುದು ತುಟಿಗಳು. ಅವು ಒಣಗುತ್ತವೆ, ಸಿಪ್ಪೆಯೇಳುತ್ತವೆ, ಕೆಲವೊಮ್ಮೆ ಬಿರಿದು ರಕ್ತವೂ ಜಿನುಗುತ್ತದೆ. ಕೈಕಾಲುಗಳ ಚರ್ಮಕ್ಕಿಂತ ತುಟಿಗಳೇ ಬೇಗ ಒಡೆಯುವುದಕ್ಕೆ ಕಾರಣವುಂಟು. ತುಟಿಯ ಕೆಂಪು ಭಾಗದ ಹೊರಪದರವು ಬಹಳ ತೆಳುವಾದುದು. ಅಲ್ಲಿ ಬೆವರಿನ ಗ್ರಂಥಿಗಳಿಲ್ಲ. ಚರ್ಮಕ್ಕೆ ಜಿಡ್ಡನ್ನು ಒದಗಿಸುವ ಗ್ರಂಥಿಗಳೂ ಸಾಮಾನ್ಯವಾಗಿ ಇರುವುದಿಲ್ಲ. ಹೀಗಾಗಿ ತನ್ನ ತೇವವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ತುಟಿಗೆ ಕಡಿಮೆ. ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಳ್ಳುವುದು ಅನೇಕರ ಅಭ್ಯಾಸ. ಆದರೆ ಎಂಜಲು ಆರುವಾಗ ತುಟಿಯಲ್ಲಿದ್ದ ತೇವವನ್ನೂ ಕೊಂಡೊಯ್ಯುತ್ತದೆ. ಆಹಾರವನ್ನು ಜೀರ್ಣಿಸಬಲ್ಲ ಎಂಜಲು ಕೋಮಲವಾದ ಆ ಚರ್ಮಕ್ಕೆ ಹಿತವೂ ಅಲ್ಲ. ತುಟಿಗೆ ಬೇಕಾದುದು ನೀರಲ್ಲ, ನೀರು ಹೊರಹೋಗದಂತೆ ತಡೆಯುವ ತೆಳ್ಳನೆಯ ಜಿಡ್ಡಿನ ಹೊದಿಕೆ.

ಈ ಹೊದಿಕೆಯನ್ನು ನಮ್ಮ ಹಿರಿಯರು ಅಡುಗೆಮನೆಯಲ್ಲಿಯೇ ಕಂಡುಕೊಂಡಿದ್ದರು. ಮಲಗುವ ಮುನ್ನ ತುಟಿಗೆ ಬೆಣ್ಣೆಯನ್ನೋ ತುಪ್ಪವನ್ನೋ ಸವರುವುದು ಮನೆಮನೆಯ ವಾಡಿಕೆಯಾಗಿತ್ತು. ಕರಾವಳಿಯಲ್ಲಿ ಕೊಬ್ಬರಿ ಎಣ್ಣೆ, ಬಯಲುಸೀಮೆಯಲ್ಲಿ ಹರಳೆಣ್ಣೆ ಈ ಕೆಲಸಕ್ಕೆ ಒದಗುತ್ತಿದ್ದವು. ಉತ್ತರ ಕನ್ನಡ ಮತ್ತು ಮಲೆನಾಡಿನ ಭಾಗಗಳಲ್ಲಿ ಮುರುಗಲ ಹಣ್ಣಿನ ಬೀಜಗಳನ್ನು ಒಣಗಿಸಿ, ಅರೆದು, ನೀರಿನಲ್ಲಿ ಕುದಿಸಿ, ಮೇಲೆ ತೇಲಿ ಬಂದ ಜಿಡ್ಡನ್ನು ತೆಗೆದು ಗಟ್ಟಿಮಾಡಿ ಇಟ್ಟುಕೊಳ್ಳುತ್ತಿದ್ದರು. ದಕ್ಷಿಣ ಕನ್ನಡದವರು ಪುನರ್ಪುಳಿಯೆಂದು ಕರೆಯುವ ಹಣ್ಣೂ ಇದೇ. ಒಡೆದ ಹಿಮ್ಮಡಿಗೂ ಬಿರಿದ ತುಟಿಗೂ ಮುರುಗಲ ತುಪ್ಪವು ಸಮಾನವಾಗಿ ಹಿತಕರ. ಜೇನುಮೇಣವಂತೂ ಎಲ್ಲೆಡೆಯೂ ಪರಿಚಿತವಾಗಿತ್ತು. ಹಣೆಗೆ ಮೇಣವನ್ನು ಹಚ್ಚಿ ಅದರ ಮೇಲೆ ಕುಂಕುಮವಿಡುತ್ತಿದ್ದ ಗೃಹಿಣಿಯರು ಆ ಮೇಣವನ್ನು ಪುಟ್ಟ ಭರಣಿಯೊಂದರಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಭರಣಿ ಮರದ್ದಾಗಿರಲಿ ಲೋಹದ್ದಾಗಿರಲಿ, ಬರಿದಾದಾಗ ಅದನ್ನು ಯಾರೂ ಎಸೆಯುತ್ತಿರಲಿಲ್ಲ, ಮತ್ತೆ ತುಂಬುತ್ತಿದ್ದರು. ವಸ್ತು ಸವೆಯುತ್ತಿತ್ತು, ಪಾತ್ರೆ ಉಳಿಯುತ್ತಿತ್ತು.

ಇಂದು ಪೇಟೆಯಲ್ಲಿ ಲಿಪ್ ಬಾಮ್ ಎಂಬ ಹೆಸರಿನಿಂದ ಮಾರಾಟವಾಗುವ ತುಟಿಲೇಪವು ಮೂಲದಲ್ಲಿ ಇವುಗಳಿಗಿಂತ ಬಹಳ ಬೇರೆಯಾದುದೇನಲ್ಲ. ಮೇಣ, ಎಣ್ಣೆ, ಸ್ವಲ್ಪ ಸುವಾಸನೆ, ಇಷ್ಟೇ ಅದರ ತಿರುಳು. 1872ರಲ್ಲಿ ರಾಬರ್ಟ್ ಚೆಸ್‌ಬ್ರೋ ಎಂಬ ರಸಾಯನವಿಜ್ಞಾನಿಯು ಕಲ್ಲೆಣ್ಣೆಯಿಂದ ತೆಗೆದ ಜೆಲ್ಲಿಗೆ ಅಮೆರಿಕದಲ್ಲಿ ಹಕ್ಕುಪತ್ರವನ್ನು ಪಡೆದನು. ಅದೇ ವ್ಯಾಸಲೀನ್. 1880ರ ದಶಕದಲ್ಲಿ ಅಮೆರಿಕದ ವರ್ಜೀನಿಯ ಸಂಸ್ಥಾನದ ಚಾರ್ಲ್ಸ್ ಬ್ರೌನ್ ಫ್ಲೀಟ್ ಎಂಬ ವೈದ್ಯನು ತುಟಿಗೆಂದೇ ಒಂದು ಲೇಪವನ್ನು ತಯಾರಿಸಿದನು. ಅದು ನೋಡುವುದಕ್ಕೆ ಪುಟ್ಟ ಮೇಣದಬತ್ತಿಯಂತಿದ್ದು, ತವರದ ಹಾಳೆಯಲ್ಲಿ ಸುತ್ತಲ್ಪಟ್ಟಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತುಟಿಲೇಪವು ಹುಟ್ಟಿದ ಕಾಲದಲ್ಲಿ ಇಂದಿನ ಪ್ಲಾಸ್ಟಿಕ್ ಇನ್ನೂ ಹುಟ್ಟಿರಲಿಲ್ಲ. ತಿರುಗಿಸಿದರೆ ಮೇಲೇರುವ ಪ್ಲಾಸ್ಟಿಕ್ ಕೊಳವೆಯು ಇಪ್ಪತ್ತನೆಯ ಶತಮಾನದಲ್ಲಿ ಬಂದು ಸೇರಿಕೊಂಡ ಅನುಕೂಲ. ಲೇಪಕ್ಕೂ ಪ್ಲಾಸ್ಟಿಕ್ಕಿಗೂ ಇರುವ ನಂಟು ಅನಿವಾರ್ಯವಾದುದಲ್ಲ, ರೂಢಿಯಿಂದ ಬೆಳೆದುದು.

ಆ ಕೊಳವೆಯನ್ನು ಕೈಯಲ್ಲಿ ಹಿಡಿದು ಬಿಡಿಸಿ ನೋಡಿದರೆ ಅದರ ರಚನೆ ತಿಳಿಯುತ್ತದೆ. ಮೇಲೊಂದು ಮುಚ್ಚಳ, ಅದರ ಕೆಳಗೆ ಹೊರಗಿನ ಕೊಳವೆ, ಕೊಳವೆಯ ನಡುವೆ ತಿರುಚುಸುತ್ತುಗಳುಳ್ಳ ಕಡ್ಡಿ, ಆ ಕಡ್ಡಿಯ ಮೇಲೆ ಏರಿಳಿಯುತ್ತ ಲೇಪವನ್ನು ಹೊತ್ತಿರುವ ಬಟ್ಟಲು, ತಳದಲ್ಲಿ ತಿರುಗಿಸುವ ಚಕ್ರ, ಮೈಮೇಲೆ ಅಂಟಿಸಿದ ಹೆಸರಿನ ಚೀಟಿ. ಇಷ್ಟು ಭಾಗಗಳು ಸೇರಿ ಹೊತ್ತಿರುವ ಲೇಪದ ತೂಕ ಸಾಮಾನ್ಯವಾಗಿ 4ರಿಂದ 5 ಗ್ರಾಮು ಮಾತ್ರ. ಪಾತ್ರೆಯ ತೂಕವೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಬಟ್ಟಲಿನ ಬುಡದಲ್ಲಿ ಉಳಿಯುವ ಸ್ವಲ್ಪ ಲೇಪವಂತೂ ಬೆರಳಿಗೂ ಸಿಗದೆ ಕೊಳವೆಯೊಂದಿಗೇ ಕಸವಾಗುತ್ತದೆ. ಕೆಲವು ತಯಾರಕರು ಈ ಕೊಳವೆಯನ್ನು ರಟ್ಟಿನ ಮೇಲೆ ಇರಿಸಿ ಪಾರದರ್ಶಕವಾದ ಪ್ಲಾಸ್ಟಿಕ್ ಹೊದಿಕೆಯಿಂದ ಮುಚ್ಚಿ ಮಾರುತ್ತಾರೆ. ಮನೆಗೆ ಬಂದೊಡನೆ ಆ ಹೊದಿಕೆ ಕಸದ ಬುಟ್ಟಿಗೆ ಸೇರುತ್ತದೆ; ಎರಡು ಮೂರು ತಿಂಗಳುಗಳಲ್ಲಿ ಕೊಳವೆಯೂ ಅದನ್ನು ಹಿಂಬಾಲಿಸುತ್ತದೆ. ಲೇಪದ ಆಯುಷ್ಯ ಒಂದು ಋತು. ಆದರೆ ಮಣ್ಣಿನಲ್ಲಿ ಬಿದ್ದ ಕೊಳವೆಯು ಅದನ್ನು ಬಳಸಿದವರ ಆಯುಷ್ಯವನ್ನೂ ಮೀರಿ ಉಳಿಯಬಲ್ಲದು. ಕಾಲಕ್ರಮದಲ್ಲಿ ಅದು ಒಡೆದು ಚೂರಾದರೂ ಕೊಳೆತು ಗೊಬ್ಬರವಾಗುವುದಿಲ್ಲ.

ಪ್ಲಾಸ್ಟಿಕ್ಕನ್ನು ಕರಗಿಸಿ ಮತ್ತೆ ಬಳಸಬಹುದಲ್ಲವೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕೊಳವೆಗೆ ಹೆಚ್ಚಾಗಿ ಬಳಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಕರಗಿಸಿ ಮರುಬಳಸುವುದಕ್ಕೆ ಯೋಗ್ಯವಾದುದೇ. ಆದರೆ ಯೋಗ್ಯತೆಯಿರುವುದು ಬೇರೆ, ಅದು ನಡೆಯುವುದು ಬೇರೆ. ನಮ್ಮ ನಗರಗಳಲ್ಲಿ ಒಣಕಸವನ್ನು ಬೇರ್ಪಡಿಸುವ ಕೆಲಸ ಬಹುಮಟ್ಟಿಗೆ ಮನುಷ್ಯರ ಕೈಯಿಂದಲೇ ನಡೆಯುತ್ತದೆ. ಚಿಂದಿ ಆಯುವವರಿಗೆ ಗುಜರಿಯಲ್ಲಿ ಹಣ ಸಿಗುವುದು ತೂಕದ ಮೇಲೆ. ನೀರಿನ ಬಾಟಲಿ, ಹಾಲಿನ ಪೊಟ್ಟಣ, ಒಡೆದ ಬಕೆಟ್ಟು ಇವುಗಳನ್ನು ಆಯ್ದರೆ ದಿನದ ಕೂಲಿ ಹುಟ್ಟುತ್ತದೆ. ಬೆರಳುದ್ದದ, ಜಿಡ್ಡು ಅಂಟಿದ, ಬಗೆಬಗೆಯ ಭಾಗಗಳುಳ್ಳ ಕೊಳವೆಗಳನ್ನು ಒಂದು ಕಿಲೋ ಆಗುವಷ್ಟು ಆಯಬೇಕಾದರೆ ನೂರಕ್ಕೂ ಹೆಚ್ಚು ಬಾರಿ ಕಸದ ರಾಶಿಗೆ ಬಾಗಬೇಕು. ಅಷ್ಟು ಶ್ರಮಕ್ಕೆ ತಕ್ಕ ಬೆಲೆ ಅದಕ್ಕಿಲ್ಲ. ಯಂತ್ರಗಳಿಂದ ಬೇರ್ಪಡಿಸುವಲ್ಲಿಯೂ ಇಂತಹ ಸಣ್ಣ ವಸ್ತುಗಳು ಜರಡಿಯ ಕಂಡಿಗಳಿಂದ ಕೆಳಗೆ ಉದುರಿಹೋಗುತ್ತವೆ. ಆದುದರಿಂದ ಕೊಳವೆಯ ದಾರಿ ಬಹುಪಾಲು ಕಸದ ಗುಡ್ಡದಲ್ಲಿಯೇ ಕೊನೆಗೊಳ್ಳುತ್ತದೆ.

ಕಸದ ಗುಡ್ಡವೂ ಯಾರದೋ ಊರಿನಲ್ಲಿ ಇರಬೇಕಷ್ಟೆ. ಬೆಂಗಳೂರಿನ ಉತ್ತರಕ್ಕಿರುವ ಮಾವಳ್ಳಿಪುರದಲ್ಲಿ ಹಲವು ವರ್ಷಗಳ ಕಾಲ ಮಹಾನಗರದ ಕಸವನ್ನು ಸುರಿಯಲಾಯಿತು. ಅಲ್ಲಿಯ ಜನರು ಪ್ರತಿಭಟಿಸಿದುದರಿಂದ 2012ರಲ್ಲಿ ಅದು ನಿಂತಿತು. ಆಗ ನಗರದ ಬೀದಿಗಳಲ್ಲಿ ಕಸವು ರಾಶಿರಾಶಿಯಾಗಿ ಕೊಳೆತು ನಾರಿತು. ಬಳಿಕ ಅದರ ಭಾರ ಬೆಂಗಳೂರು ಪೂರ್ವ ತಾಲ್ಲೂಕಿನ ಮಂಡೂರಿನ ಮೇಲೆ ಬಿದ್ದಿತು. ದುರ್ವಾಸನೆ, ನೊಣ, ಕೆಟ್ಟ ನೀರು ಇವುಗಳಿಂದ ಬೇಸತ್ತ ಗ್ರಾಮಸ್ಥರು ಲಾರಿಗಳನ್ನು ತಡೆದರು. 2014ರ ಕೊನೆಯಲ್ಲಿ ಮಂಡೂರಿಗೆ ಕಸ ಸಾಗಿಸುವುದು ನಿಂತಿತು. ನಗರದ ಮನೆಯೊಂದರ ಕನ್ನಡಿಯ ಮುಂದಿನಿಂದ ಹೊರಟ ಪುಟ್ಟ ಕೊಳವೆಯು ತನ್ನದಲ್ಲದ ಊರಿನ ಬಾವಿಯ ಪಕ್ಕದಲ್ಲಿ ಹೋಗಿ ಬೀಳುತ್ತಿತ್ತು. ಎಸೆದವರಿಗೆ ಆ ಊರಿನ ಹೆಸರೂ ತಿಳಿದಿರಲಿಲ್ಲ. ಈ ಸಂಕಟದಿಂದಲೇ ಹಸಿಕಸ, ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂಬ ನಿಯಮಕ್ಕೆ ಬಲ ಬಂದಿತು. ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಬೆಂಗಳೂರಿನಲ್ಲಿ ಜಾರಿಗೆ ತರುವಂತೆ ಕರ್ನಾಟಕ ಉಚ್ಚ ನ್ಯಾಯಾಲಯವು 2015ರಲ್ಲಿ ಆದೇಶಿಸಿತು.

ಹಳ್ಳಿಗಳಲ್ಲಿ ಈ ಕತೆ ಮತ್ತೊಂದು ಬಗೆಯದು. ಕಸದ ಗಾಡಿ ತಲುಪದ ಊರುಗಳಲ್ಲಿ ಪ್ಲಾಸ್ಟಿಕ್ ಕಸವು ತಿಪ್ಪೆಗೆ ಬೀಳುತ್ತದೆ, ಇಲ್ಲವೆ ಬಚ್ಚಲೊಲೆಗೆ ಸೇರುತ್ತದೆ. ಸ್ನಾನದ ಹಂಡೆಯ ಕೆಳಗೆ ತೆಂಗಿನ ಗರಿ, ಅಡಕೆಯ ಸೋಗೆಗಳೊಂದಿಗೆ ಪ್ಲಾಸ್ಟಿಕ್ಕನ್ನೂ ತುರುಕಿದರೆ ಕಸವೂ ಹೋಯಿತು, ನೀರೂ ಕಾಯಿತು ಎಂಬ ಭಾವನೆ ಅನೇಕರಲ್ಲಿದೆ. ಆದರೆ ಕಸ ಎಲ್ಲಿಯೂ ಹೋಗಿರುವುದಿಲ್ಲ. ಹೊಗೆಯಾಗಿ ಮನೆಯೊಳಗೇ ಸುಳಿದಾಡುತ್ತಿರುತ್ತದೆ. ಪ್ಲಾಸ್ಟಿಕ್ ಅರೆಬೆಂದಾಗ ಹುಟ್ಟುವ ವಿಷಕಾರಿ ಹೊಗೆಯನ್ನು ಮೊದಲು ಉಸಿರಾಡುವವರು ಒಲೆಯ ಮುಂದೆ ಕುಳಿತ ತಾಯಂದಿರು, ಪಕ್ಕದಲ್ಲಿ ಬೆಂಕಿ ಕಾಯಿಸಿಕೊಳ್ಳುವ ಮಕ್ಕಳು. ತಿಪ್ಪೆಗೆ ಬಿದ್ದ ಪ್ಲಾಸ್ಟಿಕ್ಕು ಗೊಬ್ಬರದೊಂದಿಗೆ ಹೊಲವನ್ನು ಸೇರಿ ಮಣ್ಣಿನಲ್ಲಿ ಉಳಿಯುತ್ತದೆ. ಮನೆಯ ಕಸವನ್ನು ಸುಡುವುದನ್ನೂ ಬಯಲಿನಲ್ಲಿ ಎಸೆಯುವುದನ್ನೂ ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳು ನಿಷೇಧಿಸಿದವು. ಆದರೆ ಕಾನೂನು ಎಲ್ಲ ಕಡೆಯೂ ಕೈಚಾಚಲಾರದು. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಗೊಂಡ ಒಂದೇ ಬಾರಿ ಬಳಸಿ ಎಸೆಯುವ ವಸ್ತುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಹೀರುಕೊಳವೆಗಳಿದ್ದವು, ತುಟಿಲೇಪದ ಕೊಳವೆಯಿರಲಿಲ್ಲ. ಕಾನೂನು ಸುಮ್ಮನಿರುವಲ್ಲಿ ಕೊಳ್ಳುವವರ ವಿವೇಕವೇ ಮಾತನಾಡಬೇಕಾಗುತ್ತದೆ.

ವಿವೇಕದಿಂದ ಕೊಳ್ಳುವುದೆಂದರೆ ಅಂಗಡಿಯಲ್ಲಿ ನಿಂತು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು: ಇದು ಬರಿದಾದ ಮೇಲೆ ಎಲ್ಲಿಗೆ ಹೋಗುತ್ತದೆ? ಬೆಲೆ, ಬಣ್ಣ, ಪರಿಮಳಗಳನ್ನು ವಿಚಾರಿಸುವವರು ಬಹಳ ಜನ; ಬರಿದಾದ ಡಬ್ಬಿಯ ಗತಿಯನ್ನು ವಿಚಾರಿಸುವವರು ವಿರಳ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಪ್ಲಾಸ್ಟಿಕ್ಕಿಲ್ಲದ ತುಟಿಲೇಪಗಳು ಮುಖ್ಯವಾಗಿ ಮೂರು ಬಗೆಯವು.

ಮೊದಲನೆಯದು ತಗಡಿನ ಡಬ್ಬಿ. ಲೋಹಕ್ಕೆ ಗುಜರಿಯಲ್ಲಿ ಬೆಲೆಯುಂಟು. ಅದನ್ನು ಕರಗಿಸಿ ಮತ್ತೆ ಮತ್ತೆ ಬಳಸಬಹುದು. ಅದಕ್ಕಿಂತ ಹೆಚ್ಚಾಗಿ ಆ ಡಬ್ಬಿಯನ್ನೇ ಹಲವು ವರ್ಷ ಉಪಯೋಗಿಸಬಹುದು. ಸೂಜಿ, ಗುಂಡಿ, ಕುಂಕುಮ ಇವುಗಳಿಗೆ ಅದು ಒಳ್ಳೆಯ ನೆಲೆ. ಮತ್ತೆ ಲೇಪವನ್ನೇ ತುಂಬಿಸಿಕೊಂಡರೆ ಇನ್ನೂ ಲೇಸು. ಬೆರಳಿನಿಂದ ತೆಗೆದು ಹಚ್ಚಬೇಕಾದುದರಿಂದ ಕೈ ಶುಚಿಯಾಗಿರಬೇಕು. ಎರಡನೆಯದು ಗಾಜಿನ ಭರಣಿ. ಇದನ್ನೂ ತೊಳೆದು ಮರುಬಳಸಬಹುದು. ಮನೆಯಲ್ಲಿಡುವುದಕ್ಕೆ ಯೋಗ್ಯ, ಶಾಲೆಯ ಚೀಲದಲ್ಲಿ ಒಯ್ಯುವುದಕ್ಕೆ ಅಷ್ಟು ತಕ್ಕುದಲ್ಲ. ಮೂರನೆಯದು ರಟ್ಟಿನ ಕೊಳವೆ. ಇದರಲ್ಲಿ ತಿರುಗಿಸುವ ಚಕ್ರವಿಲ್ಲ. ತಳವನ್ನು ಬೆರಳಿನಿಂದ ಒತ್ತಿದರೆ ಲೇಪವು ಮೇಲೇರುತ್ತದೆ. ಬರಿದಾದ ಮೇಲೆ ಹರಿದು ಮಣ್ಣಿನಲ್ಲಿ ಸೇರಿಸಿದರೆ ಕೊಳೆಯುತ್ತದೆ. ಜಿಡ್ಡು ಹೀರಿ ರಟ್ಟಿನ ಮೇಲೆ ಕಲೆ ಕಾಣಿಸಬಹುದು. ಅದು ದೋಷವಲ್ಲ, ಒಳಗೆ ಪ್ಲಾಸ್ಟಿಕ್ಕಿನ ಪದರವಿಲ್ಲವೆಂಬುದರ ಸೂಚನೆಯಾಗಿರಲೂಬಹುದು.

ಆಯ್ಕೆಯಲ್ಲಿ ಮೋಸಹೋಗುವ ಸಂದರ್ಭಗಳೂ ಇವೆ. ಹೊರಗೆ ರಟ್ಟಿನ ಪೆಟ್ಟಿಗೆ, ಒಳಗೆ ಎಂದಿನ ಪ್ಲಾಸ್ಟಿಕ್ ಕೊಳವೆ ಇರುವುದುಂಟು. ರಟ್ಟಿನ ಕೊಳವೆಯ ಒಳಮೈಗೆ ಪ್ಲಾಸ್ಟಿಕ್ ಪದರವನ್ನು ಅಂಟಿಸಿರುವುದೂ ಉಂಟು. ಇಂತಹದು ಕಾಗದವೂ ಅಲ್ಲದೆ ಪ್ಲಾಸ್ಟಿಕ್ಕೂ ಅಲ್ಲದೆ ಯಾವ ಗುಂಪಿಗೂ ಸೇರದ ಕಸವಾಗುತ್ತದೆ. ‘ಹಸಿರು’, ‘ಸಹಜ’, ‘ಪರಿಸರಸ್ನೇಹಿ’ ಎಂಬ ಮಾತುಗಳು ಲೇಪದ ಬಗೆಗೋ ಡಬ್ಬಿಯ ಬಗೆಗೋ ಎಂಬುದನ್ನು ಓದಿ ತಿಳಿಯಬೇಕು. ಮೆಕ್ಕೆಜೋಳದಂತಹ ಬೆಳೆಯಿಂದ ತಯಾರಿಸಿದ ಪ್ಲಾಸ್ಟಿಕ್ ತಾನಾಗಿ ಕರಗಿಹೋಗುತ್ತದೆಂದು ಅನೇಕರು ನಂಬಿದ್ದಾರೆ. ಈ ಬಗೆಯ ಪ್ಲಾಸ್ಟಿಕ್ಕುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬೇಗ ಕೊಳೆಯಬೇಕಾದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿನ ಕಾವನ್ನು ಬಹುದಿನ ಉಳಿಸಬಲ್ಲ ಗೊಬ್ಬರದ ಕಾರ್ಖಾನೆ ಬೇಕು. ಹಿತ್ತಲಿನ ಗುಂಡಿಯಲ್ಲಿ ಅದು ಸಾಮಾನ್ಯ ಪ್ಲಾಸ್ಟಿಕ್ಕಿನಂತೆಯೇ ಬಿದ್ದಿರುತ್ತದೆ.

ಡಬ್ಬಿಯೊಂದಿಗೆ ಅದರ ಒಳಗಿನ ವಸ್ತುವನ್ನೂ ಅರಿತುಕೊಳ್ಳುವುದು ಉಚಿತ. ಕೆಲಸಗಾರ ಜೇನುನೊಣಗಳ ಹೊಟ್ಟೆಯ ಕೆಳಭಾಗದ ಗ್ರಂಥಿಗಳಿಂದ ಒಸರುವ ಜೇನುಮೇಣವು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಮುರುಗಲ ತುಪ್ಪವು 40 ಡಿಗ್ರಿಯ ಆಸುಪಾಸಿನಲ್ಲಿ, ಕೊಬ್ಬರಿ ಎಣ್ಣೆಯು 25 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತವೆ. ಆದುದರಿಂದಲೇ ಕೊಬ್ಬರಿ ಎಣ್ಣೆಯೊಂದೇ ಇದ್ದರೆ ನಮ್ಮ ಬಿಸಿಲಿಗೆ ಡಬ್ಬಿಯಿಂದ ಹರಿದುಹೋಗುತ್ತದೆ. ಮೇಣವೊಂದೇ ಇದ್ದರೆ ತುಟಿಯ ಮೇಲೆ ಹರಡುವುದಿಲ್ಲ. ಎರಡನ್ನೂ ಹದವಾಗಿ ಬೆರೆಸುವುದೇ ತುಟಿಲೇಪದ ಗುಟ್ಟು. ಒಂದು ಪಾಲು ಜೇನುಮೇಣ, ಮೂರು ಪಾಲು ಕೊಬ್ಬರಿ ಎಣ್ಣೆಯನ್ನು ತೂಗಿ ಪುಟ್ಟ ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗೆ ಇರಿಸಿ ಕರಗಿಸಿ, ಶುಚಿಯಾದ ಒಣ ಡಬ್ಬಿಗೆ ಸುರಿದರೆ ಆರಿದ ಮೇಲೆ ಲೇಪವು ಸಿದ್ಧ. ಬೇಸಿಗೆಯಲ್ಲಿ ಮೇಣವನ್ನು ಸ್ವಲ್ಪ ಹೆಚ್ಚಿಸಬಹುದು. ಮುರುಗಲ ತುಪ್ಪ ದೊರೆಯುವಲ್ಲಿ ಎಣ್ಣೆಯ ಒಂದು ಭಾಗಕ್ಕೆ ಬದಲಾಗಿ ಅದನ್ನು ಬಳಸಬಹುದು. ಮೇಣವನ್ನು ನೇರವಾಗಿ ಬೆಂಕಿಯ ಮೇಲೆ ಇಡಬಾರದು, ಅದು ಹೊತ್ತಿಕೊಳ್ಳುವ ವಸ್ತು. ಮಕ್ಕಳು ಈ ಕೆಲಸವನ್ನು ಹಿರಿಯರ ಎದುರಿನಲ್ಲಿಯೇ ಮಾಡತಕ್ಕದ್ದು. ಒಬ್ಬರು ಬಳಸುವ ಲೇಪವನ್ನು ಮತ್ತೊಬ್ಬರು ಬಳಸದಿರುವುದು ಆರೋಗ್ಯಕ್ಕೆ ಒಳ್ಳೆಯದು. ಎಷ್ಟು ದಿನ ಹಚ್ಚಿದರೂ ತುಟಿಯ ಬಿರುಕು ಮಾಯದಿದ್ದರೆ ಲೇಪವನ್ನು ಬದಲಿಸುತ್ತ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು.

ಇಷ್ಟು ಪುಟ್ಟ ವಸ್ತುವಿಗೆ ಇಷ್ಟು ದೊಡ್ಡ ವಿಚಾರ ಬೇಕೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರದಿಯ ಪ್ರಕಾರ 2019-20ನೆಯ ಸಾಲಿನಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ಲಾಸ್ಟಿಕ್ ಕಸವು ಸುಮಾರು 34 ಲಕ್ಷ ಟನ್ನುಗಳಿಗೂ ಅಧಿಕ. ಆ ಪರ್ವತದಲ್ಲಿ ತುಟಿಲೇಪದ ಕೊಳವೆಗಳದು ಸಾಸಿವೆಕಾಳಿನಷ್ಟು ಪಾಲು. ಅದೊಂದನ್ನು ಬಿಟ್ಟ ಮಾತ್ರಕ್ಕೆ ಪರ್ವತವು ಕುಸಿಯುವುದಿಲ್ಲ. ತಯಾರಕರು ಬದಲಾಗಬೇಕು, ಆಡಳಿತ ಎಚ್ಚರವಾಗಿರಬೇಕು, ಕಸವನ್ನು ಒಯ್ಯುವ ವ್ಯವಸ್ಥೆ ಸುಧಾರಿಸಬೇಕು. ಇವುಗಳ ಹೊಣೆಯನ್ನೆಲ್ಲ ಶಾಲೆಯ ಹುಡುಗಿಯೊಬ್ಬಳ ಕೈಯಲ್ಲಿರುವ ಡಬ್ಬಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದರೂ ಹನಿಗೂಡಿದರೆ ಹಳ್ಳ ಎಂಬ ಮಾತು ಕಸಕ್ಕೂ ಸಲ್ಲುತ್ತದೆ. ಐನೂರು ಮಕ್ಕಳಿರುವ ಶಾಲೆಯೊಂದರಲ್ಲಿ ಪ್ರತಿಯೊಬ್ಬರೂ ವರ್ಷಕ್ಕೆ ಎರಡು ಕೊಳವೆಗಳನ್ನು ಬಳಸಿದರೆ ಸಾವಿರ ಕೊಳವೆಗಳಾದವು. ಆ ಮಕ್ಕಳು ಐದು ವರ್ಷ ಓದಿ ಹೊರಡುವಷ್ಟರಲ್ಲಿ ಐದು ಸಾವಿರ. ಇದಕ್ಕಿಂತಲೂ ಮುಖ್ಯವಾದುದು ಮತ್ತೊಂದಿದೆ. ತುಟಿಲೇಪದ ಕೊಳವೆ ಒಂಟಿಯಾಗಿ ಮನೆಗೆ ಬರುವುದಿಲ್ಲ. ಹಲ್ಲುಜ್ಜುವ ಬ್ರಷ್ಷು, ಶಾಂಪೂವಿನ ಪೊಟ್ಟಣ, ಮುಖದ ಕ್ರೀಮಿನ ಡಬ್ಬಿ, ಬರೆದು ಮುಗಿದ ಪೆನ್ನು, ಇವೆಲ್ಲವೂ ಅದರ ಬಂಧುಬಳಗವೇ. ಇವೂ ಸಣ್ಣವು, ಇವನ್ನೂ ಆಯುವವರಿಲ್ಲ. ಒಂದು ಡಬ್ಬಿಯ ಮುಂದೆ ಕೇಳಲು ಕಲಿತ ಪ್ರಶ್ನೆಯನ್ನು ಉಳಿದವುಗಳ ಮುಂದೆಯೂ ಕೇಳಬಹುದು. ತುಟಿಲೇಪವು ಆ ಕಲಿಕೆಗೆ ಸುಲಭವಾದ ಆರಂಭ, ಏಕೆಂದರೆ ಅದಕ್ಕೆ ಪ್ಲಾಸ್ಟಿಕ್ಕಿಲ್ಲದ ಬದಲಿಯು ಕೈಗೆಟಕುವಂತಿದೆ. ಪೇಟೆಯಲ್ಲಿ ದೊರೆಯದಿದ್ದರೂ ಅಡುಗೆಮನೆಯಲ್ಲಿ ದೊರೆಯುತ್ತದೆ.

ಇದನ್ನು ತಿಳಿದೊಡನೆ ಮನೆಯಲ್ಲಿರುವ ಪ್ಲಾಸ್ಟಿಕ್ ಕೊಳವೆಗಳನ್ನೆಲ್ಲ ಬಿಸುಟು ಹೊಸ ತಗಡಿನ ಡಬ್ಬಿಗಳನ್ನು ಕೊಳ್ಳುವುದು ವಿವೇಕವಲ್ಲ. ಅದು ಕಸವನ್ನು ಹೆಚ್ಚಿಸುವ ಮತ್ತೊಂದು ದಾರಿ. ಇರುವುದನ್ನು ಕೊನೆಯವರೆಗೆ ಬಳಸಬೇಕು. ಬುಡದಲ್ಲಿ ಉಳಿದುದನ್ನು ಕಡ್ಡಿಯಿಂದ ತೆಗೆದು ಬಳಸಿ, ಕೊಳವೆಯನ್ನು ಒರೆಸಿ, ಅಂತಹವುಗಳನ್ನೆಲ್ಲ ಒಂದು ಚೀಲದಲ್ಲಿ ಕೂಡಿಟ್ಟು ಒಣಕಸದೊಂದಿಗೆ ಒಪ್ಪಿಸಬೇಕು. ಒಂದೊಂದಾಗಿ ಎಸೆದರೆ ಯಾರ ಕಣ್ಣಿಗೂ ಬೀಳದ ವಸ್ತು ಕೂಡಿಟ್ಟಾಗ ತೂಕವನ್ನು ಪಡೆಯುತ್ತದೆ, ಅದನ್ನು ಆಯುವ ಕೈಗೆ ನಾಲ್ಕು ಕಾಸನ್ನೂ ಕೊಡಬಹುದು. ಮುಂದಿನ ಬಾರಿ ಕೊಳ್ಳುವಾಗ ಮಾತ್ರ ಮರಳಿ ತುಂಬಬಲ್ಲ, ಇಲ್ಲವೆ ಮಣ್ಣಿಗೆ ಮರಳಬಲ್ಲ ಡಬ್ಬಿಯನ್ನು ಆರಿಸಬೇಕು. ಒಂದು ಮನೆಯವರು ಬಳಸಿದ ವಸ್ತುವಿನ ಭಾರವು ಮತ್ತೊಂದು ಊರಿನ ನೀರಿಗೂ ಉಸಿರಿಗೂ ಬೀಳಬಾರದು. ಹಾಗೆ ಬೀಳದಂತೆ ನೋಡಿಕೊಳ್ಳುವುದು ನೆರೆಹೊರೆಯ ಧರ್ಮ. ಕಸದ ಲಾರಿ ಹೋಗಿ ನಿಲ್ಲುವ ದೂರದ ಊರು ಕೂಡ ಆ ಲೆಕ್ಕದಲ್ಲಿ ನೆರೆಹೊರೆಯೇ.